ಕ್ರಾಸ್‌ಬೋ ಹೆದೆಯನ್ನು ನಾನು ಎಳೆಯುವ, ಇಳಿಸುವ ಕ್ರಮ

ಮಿಷಿಗನ್‌ನಲ್ಲಿ ನಾನು ಅಭ್ಯಾಸ ಮಾಡುವ ಮೈದಾನಕ್ಕೆ ಕ್ರಾಸ್‌ಬೋ, ಅಂದರೆ ಬಂದೂಕಿನಂತೆ ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು, ಹಿಡಿದು ಬರುವ ಹೊಸಬರು ಹೆದೆ ಎಳೆಯುವುದು ಹೇಗೆಂದು ಕೇಳುತ್ತಾರೆ. ಎಳೆದ ಹೆದೆಯನ್ನು ಇಳಿಸುವುದು ಹೇಗೆಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಹೆದೆಗೆ ಕೈ ಹಾಕಲೇಬಾರದು ಎನ್ನುವವನು ನಾನು.

ನನ್ನ ಬಿಲ್ಲಿನ ಸೆಳೆತ 175 ಪೌಂಡ್, ಅಂದರೆ ಸುಮಾರು 79 ಕಿಲೋ. ಬರಿಗೈಯಲ್ಲಿ ಎಳೆದರೆ ಸೊಂಟಕ್ಕೆ ಕಷ್ಟ, ಹೆದೆಯೂ ಒಂದು ಕಡೆಗೆ ವಾಲುತ್ತದೆ. ಹೀಗಾಗಿ ಕೊಕ್ಕೆಗಳಿರುವ ಎಳೆಹಗ್ಗವನ್ನೇ ಬಳಸುತ್ತೇನೆ. ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೊದಲು ಹೆದೆಯಲ್ಲಿ ಎಳೆ ಕಿತ್ತಿದೆಯೇ, ಬಿಲ್ಲಿನ ಎರಡೂ ಬದಿಯ ಬಾಗುವ ರೆಕ್ಕೆಗಳಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ. ಬಾಣ ಇನ್ನೂ ಬತ್ತಳಿಕೆಯಲ್ಲೇ ಇರುತ್ತದೆ. ಬಿಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ತುದಿಯ ಲೋಹದ ಬಳೆಯೊಳಗೆ ಪಾದವನ್ನು ಪೂರ್ತಿ ತೂರಿಸುತ್ತೇನೆ. ಕಾಲಿಗೆ ಗಟ್ಟಿ ಅಡಿಯ ಬೂಟೇ ಬೇಕು. ಚಪ್ಪಲಿ ಜಾರಿದರೆ ಬಿಲ್ಲು ನೇರ ಮುಖಕ್ಕೆ ಹಾರುತ್ತದೆ. ಹಗ್ಗದ ನಡುಭಾಗವನ್ನು ಹಿಡಿಕೆಯ ಹಿಂದಿನ ತೋಡಿನಲ್ಲಿ ಕೂರಿಸಿ, ಬಾಣ ಕೂರುವ ಹಳಿಯ ಎರಡೂ ಬದಿಯಲ್ಲಿ ಕೊಕ್ಕೆಗಳನ್ನು ಹೆದೆಗೆ ಸಿಕ್ಕಿಸಿ, ಎರಡೂ ಕೈಗಳಿಂದ ಒಂದೇ ಸಮನೆ ಎಳೆಯುತ್ತೇನೆ. ಜಗ್ಗಿ ಎಳೆಯುವುದಿಲ್ಲ.

ಕ್ಲಿಕ್ ಎಂದು ಕೇಳಿದ ಕೂಡಲೇ ಕೈ ಬಿಡುವುದು ತಪ್ಪು. ಬಿಗಿತ ಇಟ್ಟುಕೊಂಡೇ ಹೆದೆ ಎರಡೂ ಬದಿಯಲ್ಲಿ ಚಿಲಕದೊಳಗೆ ಕೂತಿದೆಯೇ, ಟ್ರಿಗರ್ ತಡೆಯುವ ಸೇಫ್ಟಿ ಬಿದ್ದಿದೆಯೇ ಎಂದು ನೋಡಿ ಆಮೇಲೆ ನಿಧಾನ ಸಡಿಲಿಸುತ್ತೇನೆ. ಹೆದೆ ಸಡಿಲವಿದ್ದಾಗಲೇ ಹಳಿಯ ಎರಡೂ ಅಂಚಿಗೆ ತಾಗುವಲ್ಲಿ ಬಿಳಿ ಮಾರ್ಕರ್‌ನಿಂದ ಗೆರೆ ಹಾಕಿಟ್ಟಿದ್ದೇನೆ. ಎಳೆದ ಮೇಲೆ ಆ ಗೆರೆಗಳು ಎರಡೂ ಕಡೆ ಸಮವಾಗಿ ಕಾಣಬೇಕು. ಕೂದಲೆಳೆಯಷ್ಟು ವಾಲಿದರೂ ಬಾಣ ಗುರಿಯಿಂದ ಪಕ್ಕಕ್ಕೆ ಸರಿಯುತ್ತದೆ.

ಇನ್ನು ಇಳಿಸುವುದು. ಹಗ್ಗವನ್ನು ಮತ್ತೆ ಸಿಕ್ಕಿಸಿ, ಟ್ರಿಗರ್ ಒತ್ತಿ, ಕೈಯಲ್ಲೇ ಮುಂದೆ ಬಿಡಬಹುದು ಎಂದು ಹೇಳಿಕೊಡುವವರು ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಚಿಲಕ ಬಿಟ್ಟ ಕ್ಷಣ ಭಾರವೆಲ್ಲ ಒಮ್ಮೆಗೇ ಅಂಗೈಗೆ ಬರುತ್ತದೆ. ಹಿಡಿ ಜಾರಿದರೆ ಬಾಣವಿಲ್ಲದೆ ಹೆದೆ ಚಿಮ್ಮಿದಂತೆಯೇ. ಬಾಣ ಹೊತ್ತೊಯ್ಯಬೇಕಾದ ಶಕ್ತಿ ಆಗ ಬಿಲ್ಲಿಗೇ ತಿರುಗುತ್ತದೆ. ಹೆದೆ ಕಡಿಯಬಹುದು, ರೆಕ್ಕೆ ಸಿಡಿಯಬಹುದು.

ನನ್ನ ದಾರಿ ಬಾಣ ಬಿಟ್ಟೇ ಇಳಿಸುವುದು. ಇದಕ್ಕೆಂದೇ ಮೊಂಡು ತುದಿಯ ಒಂದು ಬಾಣವನ್ನು ಬೇರೆ ಇಟ್ಟಿದ್ದೇನೆ. ಅದು ಬಿಲ್ಲಿನ ಕೈಪಿಡಿ ಹೇಳುವ ತೂಕಕ್ಕಿಂತ ಹಗುರವಿಲ್ಲ, ಹಿಂತುದಿಯೂ ಅದೇ ಬಗೆಯದು. ಬಾಣದ ಗರಿಗಳಲ್ಲಿ ಬೇರೆ ಬಣ್ಣದ್ದನ್ನು ಹಳಿಯ ತೋಡಿಗೆ ಕೂರಿಸಿ, ಬಾಣವನ್ನು ಹೆದೆಗೆ ತಾಗುವವರೆಗೂ ಹಿಂದೆ ತಳ್ಳುತ್ತೇನೆ. ನಡುವೆ ಸಂದು ಉಳಿಯಬಾರದು. ಬಿಲ್ಲನ್ನು ಮುಂದೆ ಹಿಡಿದ ಕೈಯ ಹೆಬ್ಬೆರಳು ಹಳಿಗಿಂತ ಕೆಳಗಿದೆಯೇ, ರೆಕ್ಕೆ ಬಿಚ್ಚಿಕೊಳ್ಳಲು ಅಕ್ಕಪಕ್ಕದಲ್ಲಿ ಜಾಗವಿದೆಯೇ ಎಂದು ನೋಡಿ, ಹತ್ತಿರದ ಚೀಲದ ಗುರಿಗೆ ಹೊಡೆಯುತ್ತೇನೆ.

ತಿರುಗಿಸುವ ಹಿಡಿಯಿಂದಲೇ ಹೆದೆ ಇಳಿಸುವಂತೆ ಮಾಡಿದ ಬಿಲ್ಲುಗಳೂ ಇವೆ. ಅವುಗಳಿಗೆ ಕೈಪಿಡಿಯ ಕ್ರಮವನ್ನೇ ಪಾಲಿಸಬೇಕು. ಆ ಕ್ರಮವನ್ನು ಹಗ್ಗದಿಂದ ಎಳೆಯುವ ಬಿಲ್ಲಿಗೆ ತರಬಾರದು.