ಬೊಲೆರೊಗೆ ಎರಡಿಂಚಿನ ಹಿಚ್ ರಿಸೀವರ್: ಮೂರನೆಯ ಸಲಕ್ಕೆ ಗಟ್ಟಿಯಾಗಿ ನಿಂತ ಕೆಲಸ

ಬೊಲೆರೊ ಹಿಂದೆ ಮನೆಗಾಡಿ ಕಟ್ಟಿಕೊಂಡು ಘಾಟಿ ಇಳಿಯುತ್ತೇನೆ ಎಂದಾಗ ಒಪ್ಪಿದವರು ಅಮ್ಮ ಒಬ್ಬರೇ. ಅವರಿಗೆ 78 ವರ್ಷ, ಮಂಡಿ ಮಡಚಲಾಗದು. ಛತ್ರಗಳ ಶೌಚಾಲಯದ ಅಂಜಿಕೆಯಿಂದಲೇ ಅವರು ಕೊಲ್ಲೂರು, ಶೃಂಗೇರಿಗಳಿಗೆ ಹೋಗುವುದನ್ನು ಬಿಟ್ಟು ಐದಾರು ವರ್ಷಗಳಾಗಿದ್ದವು. ಮಂಚ, ಕಮೋಡು, ನೀರಿನ ಟ್ಯಾಂಕು ಇರುವ ಟ್ರೈಲರನ್ನು ನಾನೇ ನಿಂತು ಕಟ್ಟಿಸಿದೆ. ಅದಕ್ಕೆ ಪ್ರತ್ಯೇಕ ನೋಂದಣಿಯನ್ನೂ ಮಾಡಿಸಿದೆ. ಟ್ರೈಲರ್ ಕಟ್ಟಿದ್ದು ಸುಲಭವಾಯಿತು; ಅದನ್ನು ಗಾಡಿಗೆ ಹಿಡಿಸುವ ಕೊಂಡಿ, ಅಂದರೆ ಹಿಚ್ ಕೂರುವ ಒಂದು ಅಡಿ ಜಾಗವೇ ನನ್ನ ಎರಡು ವರ್ಷಗಳನ್ನು ತಿಂದಿತು. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಭಾವ ಮೊದಲ ದಿನವೇ, "ಹುಕ್ಕು ದಪ್ಪ ಹಾಕಿಸಿದ್ರೆ ಆಯ್ತು ಅಂದ್ಕಂಡ್ಯಾ ಮಾರಾಯ? ಚಾಸಿಸ್ಸೇ ಕಿತ್ಕಂಡು ಬರ್ತದೆ ನೋಡು" ಎಂದಿದ್ದರು.

ಮೊದಲನೆಯದು ಬಿಡಿಭಾಗದ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹಿಚ್. ಸುಮಾರು 4,500 ರೂಪಾಯಿ ಕೊಟ್ಟ ನೆನಪು. ಅದನ್ನು ಹಿಡಿಸಿದ್ದು ಹಿಂದಿನ ಅಡ್ಡಪಟ್ಟಿಗೆ, ಮೂರು ಮಿಲಿಮೀಟರ್ ದಪ್ಪವೂ ಇಲ್ಲದ ತಗಡಿಗೆ. ಇನ್ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಬೋಲ್ಟಿನ ತೂತುಗಳು ಮೊಟ್ಟೆಯ ಆಕಾರಕ್ಕೆ ತಿರುಗಿದವು. ಅದರ ಬಗ್ಗೆ ಇನ್ನೇನೂ ಹೇಳಬೇಕಾಗಿಲ್ಲ.

ಎರಡನೆಯದನ್ನು ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಗಾಡಿಯ ತಳದ ಉಕ್ಕಿನ ಚೌಕಟ್ಟಾದ ಚಾಸಿಸ್‌ಗೇ ವೆಲ್ಡಿಂಗ್ ಮಾಡಿಸಿದೆ. ಹತ್ತು ಮಿಲಿಮೀಟರ್ ಪ್ಲೇಟು, ನೋಡಲು ಆನೆ ಎಳೆಯುವಂತಿತ್ತು, ಖರ್ಚು 14,000. ನಾಲ್ಕು ತಿಂಗಳು ಯಾವ ತೊಂದರೆಯೂ ಕಾಣಲಿಲ್ಲ. ಮಳೆಗಾಲ ಮುಗಿದ ಮೇಲೆ ಗಾಡಿಯ ಅಡಿ ತೊಳೆಯುವಾಗ ಎಡಗಡೆ ವೆಲ್ಡಿಂಗಿನ ಪಕ್ಕದಲ್ಲಿ ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಕಂಡಿತು. ಅಲ್ಲಿ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಅರ್ಧ ಗಂಟೆ ಕಾದಾಗ, ಬಿಳಿಯ ಮೇಲೆ ಎಣ್ಣೆಯ ಗೆರೆ ನಾಲ್ಕು ಬೆರಳು ಉದ್ದಕ್ಕೆ ಮೂಡಿತು. ವೆಲ್ಡಿಂಗ್ ಗಟ್ಟಿಯಾಗಿಯೇ ಇತ್ತು. ಒಡೆದಿದ್ದು ಅದರ ಪಕ್ಕದಲ್ಲಿ ಕಾದು ಗುಣಗೆಟ್ಟ ಚಾಸಿಸ್, ಅದೂ ಎಳೆತ ಅತಿ ಹೆಚ್ಚಿರುವ ಅಂಚಿನಲ್ಲಿ ಅಡ್ಡಡ್ಡವಾಗಿ. ಭಾವ ಹೇಳಿದ್ದೇ ಸರಿಯಾಗಿತ್ತು. ಅದನ್ನು ಕಿತ್ತು, ಬಿರುಕಿನ ತುದಿಗೆ ತೂತು ಕೊರೆದು, ಸರಿಪಡಿಸಲು ಮತ್ತೆ 9,000 ಹೋಯಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ, ಏಕೆಂದರೆ ಹಿಂದಿನ ವಾರವಷ್ಟೇ ಅಮ್ಮನನ್ನು ಕೂರಿಸಿಕೊಂಡು ಮಂಡಗದ್ದೆಯವರೆಗೆ ಹೋಗಿ ಬಂದಿದ್ದೆ.

ಮೂರನೆಯದನ್ನು ಯಾರ ಕೈಗೂ ಕೊಡದೆ ನಾನೇ ಅಳೆದು, ರಟ್ಟಿನಲ್ಲಿ ಮಾದರಿ ಕತ್ತರಿಸಿ, ಮನೆಯಂಗಳದಲ್ಲೇ ಕೂರಿಸಿದೆ. ಲೇತ್ ಕೆಲಸ ಮತ್ತು ಪ್ಲೇಟು ಕತ್ತರಿಸುವುದನ್ನು ಮಾತ್ರ ಹೊರಗೆ ಮಾಡಿಸಿದೆ. ಚಾಸಿಸ್‌ನ ಎರಡೂ ಬದಿಗೆ ಸುಮಾರು 75 ಸೆಂಟಿಮೀಟರ್ ಉದ್ದದ, 8 ಮಿಲಿಮೀಟರ್ ದಪ್ಪದ ಪಕ್ಕದ ಪ್ಲೇಟುಗಳು. ಒಂದೊಂದಕ್ಕೆ ಐದು 12 ಮಿಲಿಮೀಟರ್ ಬೋಲ್ಟುಗಳು, ಎಲ್ಲವೂ ಹೆಚ್ಚು ಬಲದ 10.9 ದರ್ಜೆಯವು. ಮೊದಲೇ ಇದ್ದ ತೂತುಗಳನ್ನೇ ಆದಷ್ಟು ಬಳಸಿದೆ. ಹೊಸದಾಗಿ ಕೊರೆದ ತೂತುಗಳನ್ನು ಚಾಸಿಸ್‌ನ ಪಕ್ಕದ ಗೋಡೆಯ ನಡುಭಾಗದಲ್ಲಿ ಮಾತ್ರ ಕೊರೆದೆ, ಮೇಲಂಚು ಕೆಳಂಚುಗಳನ್ನು ಮುಟ್ಟಲಿಲ್ಲ. ಪ್ಲೇಟಿನ ಮುಂತುದಿಯನ್ನು ಚೌಕವಾಗಿ ಬಿಡದೆ ಮೀನಿನ ಬಾಲದಂತೆ ಕತ್ತರಿಸಿದ್ದರಿಂದ ಭಾರ ಒಂದೇ ಗೆರೆಯಲ್ಲಿ ನಿಲ್ಲದೆ ಹಂಚಿಹೋಗುತ್ತದೆ. ಪೆಟ್ಟಿಗೆಯಂತಿರುವ ಚಾಸಿಸ್ ಬೋಲ್ಟು ಬಿಗಿದಾಗ ಒಳಕ್ಕೆ ಕುಸಿಯದಂತೆ ಪ್ರತಿ ಬೋಲ್ಟಿಗೂ ಒಳಗೆ ಉಕ್ಕಿನ ಸ್ಲೀವ್ (ಕೊಳವೆ) ಕೊಟ್ಟಿದ್ದೇನೆ. ಮುಚ್ಚಿದ ಚಾಸಿಸ್‌ನ ಒಳಕ್ಕೆ ಆ ಸ್ಲೀವುಗಳನ್ನು ಹೇಗೆ ತೂರಿಸಿ ನಿಲ್ಲಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಮೂರು ದಿನ ಒದ್ದಾಡಿ ಕಂಡುಕೊಂಡ ಉಪಾಯ ಅದು. ಬಿಗಿತ, ಅದನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ, 115 ನ್ಯೂಟನ್ ಮೀಟರಿನ ಆಸುಪಾಸು.

ರಿಸೀವರ್‌ಗೆ ಅಂದರೆ ಬಾಲ್ ಮೌಂಟ್ ತೂರಿ ಕೂರುವ ಗೂಡಿಗೆ, ಎರಡೂವರೆ ಇಂಚಿನ ಚೌಕ ಪೈಪು, ಕಾಲಿಂಚು ಗೋಡೆ, ಒಳಗೆ ಎರಡಿಂಚು. ನಮ್ಮಲ್ಲಿ ಸಿಗುವ ಚೌಕ ಪೈಪಿನೊಳಗೆ ಬೆಸುಗೆಯ ಉಬ್ಬು ಉದ್ದಕ್ಕೂ ಇರುತ್ತದೆಂಬುದನ್ನು ಮರೆತು ಕತ್ತರಿಸಿದ್ದರಿಂದ ಟ್ರೈಲರ್ ಕೂರುವ ಗುಂಡನ್ನು ಹೊತ್ತ ಬಾಲ್ ಮೌಂಟ್ ಒಳಗೆ ಹೋಗಲೇ ಇಲ್ಲ. ಅರದಲ್ಲಿ ಉಜ್ಜಿ ಉಜ್ಜಿ ಎರಡು ಸಂಜೆ ಕಳೆದೆ. ಪಿನ್ನು 16 ಮಿಲಿಮೀಟರ್, ಬಾಲ್ 50 ಮಿಲಿಮೀಟರ್. ಮೊದಲು ಸಾಧಾರಣ ಕಬ್ಬಿಣದಲ್ಲಿ ಲೇತ್‌ನಲ್ಲಿ ತಿರುಗಿಸಿಕೊಂಡ ಬಾಲ್ ಒಂದೇ ಮಳೆಗಾಲದಲ್ಲಿ ಸವೆದು ದುಂಡುಗೆಟ್ಟಿತು, ಈಗಿರುವುದು ಕೊಂಡದ್ದು. ರಿಸೀವರಿನೊಳಗೆ ಮೌಂಟ್ ಕಟಕಟ ಎನ್ನುವ ಸದ್ದನ್ನೂ ಪೂರ್ತಿ ನಿಲ್ಲಿಸಿದ್ದೇನೆ, ಆ ಅಳತೆಯೂ ನನ್ನ ಬಳಿಯೇ ಇರಲಿ. ಅಡ್ಡ ಪೈಪಿನ ಎರಡೂ ತುದಿಗಳನ್ನು ಮುಚ್ಚಿ ಅಡಿಯಲ್ಲಿ ನೀರು ಬಸಿಯಲು ತೂತು ಬಿಟ್ಟೆ. ನಮ್ಮ ಮಳೆಯಲ್ಲಿ ತೆರೆದ ಪೈಪಿನೊಳಗೆ ತರಗೆಲೆ, ಕೆಸರು ಸೇರಿದರೆ ಮೂರು ವರ್ಷಕ್ಕೆ ಕಬ್ಬಿಣ ಉಳಿಯುವುದಿಲ್ಲ.

ಇಷ್ಟೆಲ್ಲ ಆದಮೇಲೂ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಹೋಗುವಾಗ ಅರುವತ್ತರ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸತೊಡಗಿತು. ದೋಷ ಕಬ್ಬಿಣದ್ದಲ್ಲ, ತೂಕದ್ದು. ಅಕ್ಕಿ ಗಿರಣಿಯ ವೇಬ್ರಿಡ್ಜಿನಲ್ಲಿ ಟ್ರೈಲರ್ ನೀರು ತುಂಬಿ 1,180 ಕಿಲೋ ಬಂದಿತ್ತು. ಅಡಿಕೆ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅಂಗಳಕ್ಕೆ ತಂದು, ಅದರ ಮೇಲೆ ಬಾಲ್ ಎತ್ತರಕ್ಕೆ ದಿಮ್ಮಿ ನಿಲ್ಲಿಸಿ ಟ್ರೈಲರಿನ ಮೂತಿಯನ್ನು, ಅಂದರೆ ಬಾಲ್ ಹಿಡಿಯುವ ಮುಂತುದಿಯನ್ನು ಕೂರಿಸಿದಾಗ ಬರೀ 48 ಕಿಲೋ ತೋರಿಸಿತು, ಅಂದರೆ ಶೇಕಡಾ ನಾಲ್ಕು. ನೂರು ಲೀಟರಿನ ನೀರಿನ ಟ್ಯಾಂಕನ್ನು ಶೌಚಾಲಯದ ಪಕ್ಕ, ಹಿಂಬದಿಯಲ್ಲಿ ಇಟ್ಟಿದ್ದೇ ತಪ್ಪು. ಟ್ಯಾಂಕನ್ನು ಆಕ್ಸೆಲಿನ ಮುಂದಕ್ಕೆ ತಂದು, ಬ್ಯಾಟರಿಯನ್ನೂ ಸರಿಸಿದ ಮೇಲೆ ಮೂತಿಯ ಭಾರ 125 ಕಿಲೋ ಆಯಿತು, ಅಲ್ಲಾಟ ಅಂದೇ ನಿಂತಿತು. ಮೂತಿಯ ಭಾರ ಟ್ರೈಲರಿನ ತೂಕದ ಶೇಕಡಾ ಹತ್ತರಿಂದ ಹದಿನೈದು ಇರಬೇಕೆಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಆದರೆ ತಕ್ಕಡಿಯ ಮೇಲೆ ಇಟ್ಟು ನೋಡಿದವರನ್ನು ನಾನು ನಮ್ಮ ಸುತ್ತಲಲ್ಲಿ ಕಂಡಿಲ್ಲ.

ಈ 125 ಕಿಲೋ ಗಾಡಿಯ ಹಿಂದಿನ ಚಕ್ರಗಳಿಗೆ 175ರಷ್ಟಾಗಿ ಬೀಳುತ್ತದೆ, ಮುಂದಿನ ಚಕ್ರಗಳಿಂದ 50 ಕಿಲೋ ಕಳೆಯುತ್ತದೆ. ವೇಬ್ರಿಡ್ಜಿನಲ್ಲಿ ಆಕ್ಸೆಲ್ ಒಂದೊಂದನ್ನೇ ನಿಲ್ಲಿಸಿ ನೋಡಿದ ಲೆಕ್ಕ ಇದು. ಬಾಲ್ ಹಿಂದಿನ ಆಕ್ಸೆಲಿನಿಂದ ಮೂರೂವರೆ ಅಡಿ ಆಚೆ ಇರುವುದೇ ಇದಕ್ಕೆ ಕಾರಣ. ಹಿಂಭಾಗ ಎರಡಿಂಚು ಕುಳಿತು ಸ್ಟೀರಿಂಗ್ ಹಗುರಾದಾಗ, ಭಾರವನ್ನು ಮುಂದಕ್ಕೆ ಹಂಚುವ ಸರಳುಗಳನ್ನು ಹಳೆಯ ಲಾರಿಯ ಸ್ಪ್ರಿಂಗ್ ಬ್ಲೇಡು ಕತ್ತರಿಸಿ ಮಾಡಿ ನೋಡಿದೆ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ಬಹಳ ಚೆನ್ನಾಗಿ ಕೂತಿತು, ಆದರೆ ನಮ್ಮ ತೋಟದ ದಾರಿಯ ತೋಡು ದಾಟುವಾಗ ಒಂದು ಸರಳು ರಿಸೀವರನ್ನೇ ತಿರುಚಲು ಹೊರಟಿತು. ಅದನ್ನು ಬಿಚ್ಚಿಟ್ಟು, ಹಿಂದಿನ ಸ್ಪ್ರಿಂಗಿಗೆ ಒಂದೊಂದು ಬ್ಲೇಡು ಹೆಚ್ಚಿಗೆ ಹಾಕಿಸಿದೆ. ಮುಂದಿನ ಚಕ್ರಗಳಿಂದ ಕಳೆದ ಭಾರ ಇದರಿಂದ ಮರಳಿ ಬರುವುದಿಲ್ಲ, ಹಾಗಾಗಿ ಟ್ರೈಲರ್ ಇದ್ದಾಗ ಐವತ್ತು ದಾಟುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಹಣ ಉಳಿಸಲು ಹೋಗಿ ಸೋತೆ. ಟ್ರೈಲರ್ ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯುವ ಓವರ್‌ರನ್ ಬ್ರೇಕು ಘಾಟಿಯ ಇಳಿಜಾರಿನಲ್ಲಿ ಬಿಡದೆ ಹಿಡಿದುಕೊಂಡು ಡ್ರಮ್ಮು ಕಾದು ವಾಸನೆ ಬಂತು, ಏರಿನಲ್ಲಿರುವ ಅಂಗಳಕ್ಕೆ ರಿವರ್ಸ್ ಹಾಕಿದರೆ ಆಗಲೂ ಹಿಡಿಯಿತು. ಕೊನೆಗೆ ಎಲೆಕ್ಟ್ರಿಕ್ ಬ್ರೇಕು ತರಿಸಿದೆ, ಕಂಟ್ರೋಲರ್ ಸೇರಿ ಸುಮಾರು 38,000. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಿಡಿಯುವ ಸ್ವಿಚ್ಚನ್ನೂ ಹಾಕಿದ್ದೇನೆ. ಎರಡು ಸರಪಳಿಗಳನ್ನು ಮೂತಿಯ ಅಡಿಯಲ್ಲಿ ಕತ್ತರಿಯಾಗಿ ದಾಟಿಸಿ ಅಡ್ಡ ಪೈಪಿನ ಕೊಂಡಿಗೆ ಹಾಕಬೇಕೇ ಹೊರತು ಬಾಲ್ ಮೌಂಟಿಗೆ ಹಾಕಬಾರದು. ಮೌಂಟೇ ಕಳಚಿ ಬಂದರೆ ಸರಪಳಿಯಿಂದ ಉಪಯೋಗವಿಲ್ಲ.

ಕಬ್ಬಿಣ, ಬೋಲ್ಟು, ಲೇತ್ ಎಲ್ಲ ಸೇರಿ ಮೂರನೆಯ ಹಿಚ್‌ಗೆ 26,000 ಆಗಿರಬೇಕು. ಹಾಳಾದದ್ದನ್ನೂ ಬ್ರೇಕನ್ನೂ ಸೇರಿಸಿದರೆ 90,000 ದಾಟುತ್ತದೆ, ಆ ವರ್ಷದ ದರದಲ್ಲಿ ಹೆಚ್ಚುಕಡಿಮೆ ಎರಡು ಕ್ವಿಂಟಾಲ್ ರಾಶಿ ಅಡಿಕೆಯ ಹಣ. ಮೊದಲೇ ಮೂರನೆಯದರಿಂದ ಆರಂಭಿಸಿದ್ದರೆ ಅದರಲ್ಲಿ ಮೂರನೇ ಒಂದು ಭಾಗ ಉಳಿಯುತ್ತಿತ್ತು.

ಆಗುಂಬೆ ಘಾಟಿಗೆ ಟ್ರೈಲರ್ ಒಯ್ಯುವುದಿಲ್ಲ. ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ಅದು ಒಳಬದಿಗೆ ಕೊಯ್ದುಕೊಂಡು ಬರುತ್ತದೆ, ಎದುರಿನ ಬಸ್ಸಿಗೆ ಜಾಗ ಉಳಿಯುವುದಿಲ್ಲ. ಕಳೆದ ಮಾಘದಲ್ಲಿ ಹೊಸನಗರ, ನಿಟ್ಟೂರು, ನಾಗೋಡಿ ಮಾರ್ಗವಾಗಿ ಎರಡನೇ ಗೇರಿನಲ್ಲಿ ಘಾಟಿ ಇಳಿದು ಅಮ್ಮನನ್ನು ಕೊಲ್ಲೂರಿಗೆ ಕರೆದೊಯ್ದೆ. ಭಾವ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಿಂದಿನ ಕನ್ನಡಿಯನ್ನೇ ನೋಡುತ್ತಿದ್ದರು. ಅಮ್ಮ ದೇವಿಯ ದರ್ಶನ ಮಾಡಿ ಬಂದು, ಮನೆಗಾಡಿಯ ತಮ್ಮ ಮಂಚದ ಮೇಲೆಯೇ ಮಧ್ಯಾಹ್ನ ಎರಡು ಗಂಟೆ ನಿದ್ರೆ ಮಾಡಿದರು. ಊರಿಗೆ ಮರಳಿದ ಮರುದಿನ ನಾನು, ಭಾವ ಇಬ್ಬರೂ ಟಾರ್ಚು ಹಿಡಿದು ಗಾಡಿಯ ಅಡಿಗೆ ಹೋದೆವು. ಸಡಿಲವಾದರೆ ತಿಳಿಯಲೆಂದು ಬಿಗಿದ ದಿನ ಹತ್ತೂ ನಟ್ಟುಗಳ ಮೇಲೆ ಎಳೆದಿದ್ದ ಬಿಳಿ ಬಣ್ಣದ ಗೆರೆಗಳಲ್ಲಿ ಒಂಬತ್ತು ನೇರವಾಗಿಯೇ ಇದ್ದವು. ಬಲಗಡೆ ಕಟ್ಟಕಡೆಯದು ಅಕ್ಕಿಕಾಳಿನಷ್ಟು ಸರಿದಿತ್ತು. ಭಾವನೇ ಆ ನಟ್ಟು ಬಿಚ್ಚಿ, ಹೊಸದು ಹಾಕಿ, ಬಿಗಿದು, ಗೆರೆ ಎಳೆದರು.