ಶಾರ್ಲಟ್ ಕೈಗೆ ಸಿಕ್ಕಿದ ಕಾಗದ

ನಾನು ಬರೆಯೋದು ಡಾರ್ಸಿ-ಎಲಿಜಬೆತ್ ಕಥೆಗಳು. ಜೇನ್ ಆಸ್ಟಿನ್‌ದು 1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ ಇದೆಯಲ್ಲ, ಅದರ ನಾಯಕ ನಾಯಕಿ ಇವರು, ಅದರಲ್ಲಿ ಒಂದೇ ಒಂದು ಘಟನೆ ಬೇರೆ ಥರ ಆಗಿದ್ರೆ ಮುಂದೇನು ಅಂತ ಹೊಸ ಕಾದಂಬರಿ ಕಟ್ಟೋದು. ಫ್ಯಾನ್‌ಗಳು ಇದಕ್ಕೆ ವೇರಿಯೇಶನ್ ಅಂತಾರೆ. ಆಸ್ಟಿನ್ ತೀರಿಕೊಂಡು ಇನ್ನೂರು ವರ್ಷ ದಾಟಿದೆ, ಕಾಪಿರೈಟ್ ತಲೆನೋವಿಲ್ಲ, ತುಂಬ ಜನ ಪುಸ್ತಕ ಮಾಡಿ ಮಾರ್ತಾರೆ ಕೂಡ. ನಾನು ಬರೆಯೋದು ಇಂಗ್ಲಿಷಲ್ಲೇ, ಓದೋರಲ್ಲಿ ಹೆಚ್ಚಿನವರು ಹೊರದೇಶದವರು.

ಕೊನೆಗೆ ಮದುವೆ ಆಗೋದು ಗೊತ್ತಿದ್ದೂ ಯಾಕೆ ಓದ್ತಾರೆ ಅಂತ ಸುಮಾರು ಜನ ಕೇಳ್ತಾರೆ. ನಾನು ದಕ್ಷಿಣ ಕನ್ನಡದವಳು, ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಕೇಳ್ಕೊಂಡೇ ಬೆಳೆದಿದ್ದು, ನಂಗೆ ಈ ಪ್ರಶ್ನೆ ಬರೋದೇ ಇಲ್ಲ. ಕರ್ಣ ಸಾಯ್ತಾನೆ ಅಂತ ಎಲ್ರಿಗೂ ಗೊತ್ತು, ಆದ್ರೂ ಅರ್ಥಧಾರಿ ಅವನ ಬಾಯಲ್ಲಿ ಏನು ಆಡಿಸ್ತಾರೆ ಅಂತ ಕೇಳೋಕೆ ಬಂದು ಕೂರ್ತಾರೆ, ಕರ್ಣನಿಗೆ ಒಪ್ಪದ ಮಾತು ಬಂತೋ ಮುಂದಿನ ಸಾಲಲ್ಲಿ ಕೂತಿರೋ ಅಜ್ಜನ ಮುಖ ಅಲ್ಲೇ ಕಿವುಚಿಕೊಳ್ಳುತ್ತೆ. ನನ್ನ ಓದುಗರೂ ಹಾಗೇ. ಘಟನೆ ಎಷ್ಟು ಬೇಕಾದ್ರೂ ತಿರುಗಿಸು, ಸ್ವಭಾವ ಮುಟ್ಟಬೇಡ.

ಮಜಾ ಏನಂದ್ರೆ ‘ಸ್ವಭಾವ’ ಎಲ್ಲಿಂದ ಬಂದಿದ್ದು ಅನ್ನೋದ್ರಲ್ಲೇ ಜಗಳ. 1995ರ ಬಿಬಿಸಿ ಸೀರಿಯಲ್ ನೋಡಿದವರಿಗೆ ಡಾರ್ಸಿ ಅಂದ್ರೆ ಕೊಳಕ್ಕೆ ಹಾರಿ ಒದ್ದೆ ಅಂಗಿಯಲ್ಲಿ ಬರೋ ಕಾಲಿನ್ ಫರ್ತ್. ಪುಸ್ತಕದಲ್ಲಿ ಕೊಳವೂ ಇಲ್ಲ ಒದ್ದೆ ಅಂಗಿಯೂ ಇಲ್ಲ. 2005ರ ಸಿನಿಮಾದವರಿಗೆ ಮೊದಲ ಪ್ರಪೋಸಲ್ ಮಳೆಯಲ್ಲೇ ಆಗಬೇಕು, ಪುಸ್ತಕದಲ್ಲಿ ಅದು ಎಲಿಜಬೆತ್ ಅತಿಥಿಯಾಗಿ ಉಳಿದಿದ್ದ ಪಾದ್ರಿ ಮನೆಯ ಒಳಗೆ. ಅದಕ್ಕೆ ನಾನು ಒಂದು ನೋಟ್‌ಬುಕ್ ಇಟ್ಕೊಂಡಿದ್ದೀನಿ, ಪ್ರತಿ ಪಾತ್ರಕ್ಕೆ ಒಂದಿಷ್ಟು ಹಾಳೆ, ಅದು ಪುಸ್ತಕದಲ್ಲಿ ನಿಜವಾಗಿ ಏನು ಹೇಳ್ತು, ಏನು ಮಾಡ್ತು ಅಷ್ಟೇ ಅದರಲ್ಲಿ. ಡಾರ್ಸಿ ಹಾಳೆಯಲ್ಲಿ ಒಂದು ಸಾಲಿಗೆ ದಪ್ಪ ಗೆರೆ ಎಳೆದಿದ್ದೀನಿ: ಎಲಿಜಬೆತ್ ಬೇಡ ಅಂದ ಮೇಲೆ ಬರೆದ ಆ ಫೇಮಸ್ ಕಾಗದದಲ್ಲಿ ಅವನು ಅವಳ ಅಕ್ಕ ಜೇನ್ ಪ್ರೀತಿಗೆ ಅಡ್ಡ ಬಂದಿದ್ದಕ್ಕೆ ಕ್ಷಮೆ ಕೇಳೋದೇ ಇಲ್ಲ, ನಿಮ್ಮ ಅಕ್ಕನಿಗೆ ನೋವಾಗಿದ್ರೆ ಅದು ಗೊತ್ತಿಲ್ದೆ ಆಗಿದ್ದು, ಆದ್ರೆ ನನ್ನ ಉದ್ದೇಶ ತಪ್ಪು ಅಂತ ನಂಗಿನ್ನೂ ಅನ್ಸಿಲ್ಲ ಅನ್ನೋ ಧಾಟಿ. ವೇರಿಯೇಶನ್‌ಗಳಲ್ಲಿ ಅಳೋ ಡಾರ್ಸಿ, ಕಾಲು ಹಿಡಿಯೋ ಡಾರ್ಸಿ ರಾಶಿ ರಾಶಿ ಸಿಗ್ತಾರೆ, ಓದುಗರು ಖುಷಿಯಿಂದ ಓದ್ತಾರೆ, ಆಮೇಲೆ ಇವನು ನಮ್ ಡಾರ್ಸಿ ಅಲ್ಲ ಅಂತ ಬರೀತಾರೆ.

ಈಚಿನ ಕಥೆಯಲ್ಲಿ ನಾನು ಬದಲಿಸಿದ್ದು ಹವಾಮಾನ ಮಾತ್ರ. ಮೂಲದಲ್ಲಿ ಪ್ರಪೋಸಲ್ ತಿರಸ್ಕಾರ ಆದ ಮಾರನೇ ಬೆಳಗ್ಗೆ ಎಲಿಜಬೆತ್ ವಾಕಿಂಗ್ ಹೋಗಿರ್ತಾಳೆ, ಡಾರ್ಸಿ ದಾರಿಯಲ್ಲಿ ಕಾದು ಕಾಗದ ಕೈಗೇ ಕೊಡ್ತಾನೆ. ನನ್ನಲ್ಲಿ ಜೋರು ಮಳೆ, ಅವಳು ತಲೆನೋವು ಅಂತ ಮಹಡಿ ಮೇಲೆ ಮಲಗಿದ್ದಾಳೆ. ಪೋಸ್ಟ್ ಮಾಡೋ ಹಾಗಿಲ್ಲ, ನಿಶ್ಚಯ ಆಗದ ಗಂಡು ಹೆಣ್ಣು ಕಾಗದ ಬರ್ಕೊಳ್ಳೋದು ಆ ಕಾಲಕ್ಕೆ ಮಾನ ಹೋಗೋ ವಿಷಯ. ಆದ್ರೆ ಮೂಲದಲ್ಲೇ ಅವನು ಅವತ್ತು ಹೋಗಿ ಬರ್ತೀನಿ ಅಂತ ಹೇಳೋಕೆ ಪಾದ್ರಿ ಮನೆಗೆ ಬಂದು ಎರಡು ನಿಮಿಷ ನಿಂತು ಹೋಗ್ತಾನೆ. ಅಲ್ಲಿ ಪಾದ್ರಿ ಹೆಂಡತಿ, ಎಲಿಜಬೆತ್ ಗೆಳತಿ ಶಾರ್ಲಟ್ ಕೈಗೆ ಕೊಡಿಸಿದೆ.

ಶಾರ್ಲಟ್ ಒಂದು ಮಾತೂ ಕೇಳದೆ ಸೀದಾ ಮೇಲೆ ಹೋಗಿ ಕಾಗದ ಗೆಳತಿ ಕೈಗಿಟ್ಟು, ಕದ ಎಳ್ಕೊಂಡು ಕೆಳಗೆ ಬಂದು, ಹಿಂದಿನ ಕೋಣೆಯಲ್ಲಿ ಹೊಲಿಗೆ ಹಿಡಿದು ಕೂತ್ಳು. ಅಷ್ಟೇ ಬರೆದಿದ್ದು ನಾನು. ಆ ಅಧ್ಯಾಯಕ್ಕೆ ಬಂದಷ್ಟು ಪ್ರತಿಕ್ರಿಯೆ ಪ್ರೇಮ ನಿವೇದನೆಯ ಅಧ್ಯಾಯಕ್ಕೂ ಬಂದಿಲ್ಲ! ಇಂಥ ಕಾಗದ ತಗೊಳ್ಳೋದೇ ಸರಿಯಲ್ಲ, ಸ್ನೇಹಿತೆ ಆದವಳು ವಾಪಸ್ ಕೊಡಬೇಕಿತ್ತು ಅಂತ ಕೆಲವರು. ಕನಿಷ್ಠ ಏನಾಯ್ತು ಲಿಜ್ಜಿ ಅಂತ ಕೇಳಬೇಕಿತ್ತು, ಇವಳೇನು ಕಲ್ಲಾ ಅಂತ ಇನ್ನು ಕೆಲವರು. ಒಬ್ಬರಂತೂ ನೀವು ಶಾರ್ಲಟ್‌ನ ದಲ್ಲಾಳಿ ಮಾಡಿಬಿಟ್ರಿ ಅಂತ ಸಿಟ್ಟಲ್ಲಿ ಬರೆದ್ರು.

ನಂಗೆ ಒಳಗೊಳಗೇ ಸಂತೋಷ, ಯಾಕಂದ್ರೆ ದಲ್ಲಾಳಿತನ ನಾನು ಸೇರಿಸಿದ್ದಲ್ಲ. 32ನೇ ಅಧ್ಯಾಯದಲ್ಲಿ ಶಾರ್ಲಟ್ ಗೆಳತಿಗೆ ಯಾವ ವರ ಆಗಬಹುದು ಅಂತ ಲೆಕ್ಕ ಹಾಕ್ತಾಳೆ, ಡಾರ್ಸಿ ಕಸಿನ್ ಕರ್ನಲ್ ಫಿಟ್ಜ್‌ವಿಲಿಯಮ್ ಮಾತಿಗೆ ಹಿತ, ಆದ್ರೆ ಚರ್ಚ್ ಹುದ್ದೆಗಳನ್ನ ಕೊಡಿಸೋ ಅಧಿಕಾರ ಇರೋದು ಡಾರ್ಸಿಗೆ. ಗಂಡ ಪಾದ್ರಿ ಅಲ್ವಾ! ಇಪ್ಪತ್ತೇಳು ವರ್ಷಕ್ಕೆ, ನಾನು ರೊಮ್ಯಾಂಟಿಕ್ ಅಲ್ಲ, ನಂಗೊಂದು ನೆಮ್ಮದಿ ಮನೆ ಸಾಕು ಅಂತ ಹೇಳಿ ಈ ಪಾದ್ರಿ ಕಾಲಿನ್ಸ್‌ನ ಒಪ್ಪಿದವಳು. ಗಂಡ ಜಾಸ್ತಿ ಬರಬಾರದು ಅಂತಲೇ ಹಿಂದಿನ ಚಿಕ್ಕ ಕೋಣೆ ಆರಿಸ್ಕೊಂಡವಳು, ಅವನು ತೋಟದಲ್ಲಿ ಅಗೀತಿದ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ಹುರಿದುಂಬಿಸೋಳು. ಇಂಥವಳು ಆ ಕಾಗದ ವಾಪಸ್ ಕೊಡ್ತಾಳಾ? ಗೆಳತಿಗೂ ಒಳ್ಳೇದು, ತನಗೂ ಒಳ್ಳೇದು, ಎರಡೂ ಒಟ್ಟಿಗೇ ಅವಳ ತಲೆಯಲ್ಲಿ ಓಡ್ತಿರುತ್ತೆ, ಅದ್ರಿಂದ ಸ್ನೇಹ ಸುಳ್ಳಾಗಲ್ಲ. ಓದುಗರಿಗೆ ಕಷ್ಟ ಆಗೋದು ಇಲ್ಲೇ, ರೊಮಾನ್ಸ್ ಓದೋಕೆ ಬಂದವರಿಗೆ ಲೆಕ್ಕ ಹಾಕೋ ಹೆಂಗಸು ಕಣ್ಣಿಗೆ ಚುಚ್ಚುತ್ತಾಳೆ. ಡಾರ್ಸಿ ವರ್ಷಕ್ಕೆ ಹತ್ತು ಸಾವಿರ ಪೌಂಡ್ ಆದಾಯದವನು ಅನ್ನೋದು ಮಾತ್ರ ಯಾರಿಗೂ ಚುಚ್ಚಲ್ಲ ನೋಡಿ.

ಬೈದವರಿಗೆಲ್ಲ ನಾನು ವಾದ ಮಾಡ್ಲಿಲ್ಲ, ಅಧ್ಯಾಯ ನಂಬರ್ ಕೊಟ್ಟು ಸುಮ್ನಾದೆ. ಕೆಲವರು ಹೋಗಿ ಓದ್ಕೊಂಡು ಬಂದು, ಸರಿ ಅವಳು ಹಾಗೇನೇ, ಆದ್ರೂ ನಂಗಿಷ್ಟ ಆಗ್ಲಿಲ್ಲ ಅಂದ್ರು. ಆ ಉತ್ತರ ಸಾಕು ನಂಗೆ. ಆ ದೃಶ್ಯ ಹಾಗೇ ಇಟ್ಟಿದ್ದೀನಿ, ಒಂದು ಸಾಲು ಮಾತ್ರ ಸೇರಿಸಿದೆ: ಶಾರ್ಲಟ್ ಮೇಲೆ ಹೋಗೋ ಮುಂಚೆ, ಮಳೆ ಅಂತ ಒಳಗೇ ಉಳಿದಿದ್ದ ಗಂಡನಿಗೆ, ಅವನಿಗೆ ಪಾದ್ರಿ ಕೆಲಸ ಕೊಟ್ಟ ಲೇಡಿ ಕ್ಯಾಥರೀನ್‌ಗೆ ಕಾಗದ ಬರೆಯೋದಿತ್ತಲ್ಲ ಅಂತ ನೆನಪಿಸಿ ಅವನ ಕೋಣೆಗೆ ಅಟ್ಟುತ್ತಾಳೆ.