ಸೂಜಿಗೂ ಮೊದಲು ಕೊಡೆ: ಮುಖದ ಚಿಕಿತ್ಸೆಗೆ ಹೋಗುವ ಸರಿಯಾದ ಕ್ರಮ

ಪಿಆರ್‌ಪಿ, ಬೊಟಾಕ್ಸ್, ಫಿಲ್ಲರ್, ಎಕ್ಸೋಸೋಮ್: ಎಲ್ಲವೂ ಮುಖವನ್ನು ಎಳೆಯದಾಗಿಸುತ್ತೇವೆ ಎನ್ನುವ ಸೂಜಿ ಚಿಕಿತ್ಸೆಗಳು. ಕಾರವಾರ, ಕುಮಟಾ, ಶಿರಸಿಯವರ ಮೊಬೈಲಿನಲ್ಲೂ ಈಗ ಇವುಗಳದ್ದೇ ಜಾಹೀರಾತು. ಮದುವೆ ಸೀಸನ್ ಬಂದರೆ ಇನ್ನೂ ಜಾಸ್ತಿ. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ, ಕೆಲವು ಇನ್ನೂ ಪ್ರಯೋಗದಲ್ಲೇ ಇವೆ. ಆದರೆ ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದೇ ತುದಿಯಿಂದ. ದುಬಾರಿ ಸೂಜಿ ಮೊದಲು, ಬಿಸಿಲಿನ ವಿಚಾರ ಆಮೇಲೆ. ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಕಾಯುವ ಕರಾವಳಿಯಲ್ಲಿ ಈ ಉಲ್ಟಾ ಲೆಕ್ಕಕ್ಕೆ ದುಡ್ಡೂ ಹೋಗುತ್ತದೆ, ಮುಖವೂ ಕೆಡುತ್ತದೆ.

1. ತೊಂದರೆ ಯಾವುದು ಅಂತ ಗುರುತಿಸಿ

ಹಗಲು ಹೊತ್ತಿನಲ್ಲಿ ಪೌಡರ್ ಹಚ್ಚದೆ ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಲ್ಲಿ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮಾತ್ರ ಗೆರೆ ಮೂಡುತ್ತದೆಯೇ? ಅದು ಸ್ನಾಯುವಿನ ಕೆಲಸ. ಸುಮ್ಮನಿದ್ದಾಗಲೂ ಗೆರೆ ಇದ್ದರೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನ್ ಕಡಿಮೆಯಾಗಿದೆ. ಕೆನ್ನೆಯ ಎರಡೂ ಬದಿ ಕಂದು ಮಚ್ಚೆ ಹರಡಿದ್ದರೆ ಅದು ಬಹುಶಃ ಭಂಗು.

ನಮ್ಮಂಥ ಗೋಧಿ, ಕಪ್ಪು ಬಣ್ಣದ ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಬಣ್ಣದ ಏರುಪೇರು ಬೇಗ ಕಾಣಿಸುತ್ತದೆ. ‘ವಯಸ್ಸಾದಂತೆ ಕಾಣ್ತೇನೆ’ ಎನ್ನುವ ಎಷ್ಟೋ ಜನರ ನಿಜವಾದ ದೂರು ಭಂಗು. ಅದಕ್ಕೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಹಾಕಿಸಿಕೊಂಡರೆ ಏನೂ ಪ್ರಯೋಜನ ಆಗುವುದಿಲ್ಲ.

2. ಬಿಸಿಲು ನಿಲ್ಲಿಸಿ

ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರ ಚರ್ಮಕ್ಕಿಂತ ಶೇ 24ರಷ್ಟು ಕಡಿಮೆ ಮುಪ್ಪಾಗಿತ್ತು. ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ಚಿಕಿತ್ಸೆಯನ್ನು ಯಾವ ಕ್ಲಿನಿಕ್ಕೂ ತೋರಿಸಲಾರದು.

ಎಸ್‌ಪಿಎಫ್ 30 ಸಾಕು, ಅದು ಸುಡುವ ಯುವಿಬಿ ಕಿರಣವನ್ನು ಸುಮಾರು ಶೇ 97ರಷ್ಟು ತಡೆಯುತ್ತದೆ. 50 ಅಂತ ಬರೆದಿದ್ದರೆ ಶೇ 98. ವ್ಯತ್ಯಾಸ ಅಷ್ಟೇ. ಮುಪ್ಪು ತರುವುದರಲ್ಲಿ ಯುವಿಎ ಕಿರಣದ ಪಾಲು ದೊಡ್ಡದು. ಅದು ಮೋಡವನ್ನೂ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಹಾಗಾಗಿ ಟ್ಯೂಬಿನ ಮೇಲೆ, ಯುವಿಎ ತಡೆಯುವ ಶಕ್ತಿ ತಿಳಿಸುವ ‘ಪಿಎ’ ಗುರುತಿನ ಮುಂದೆ ಕನಿಷ್ಠ ಮೂರು ಪ್ಲಸ್ ಇದೆಯೇ ನೋಡಿ. ಭಂಗು ಇರುವವರು ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ಕೇಳಿ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಭಂಗು ಹೆಚ್ಚುತ್ತದೆ, ಬಿಳಿ ಕ್ರೀಮು ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಹಚ್ಚಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಾರವಾರದ ಸೆಕೆಯಲ್ಲಿ ಅದು ಬೆವರಿನ ಜೊತೆ ಇಳಿದು ಹೋಗುತ್ತದೆ, ಆದ್ದರಿಂದ ಜೆಲ್ ರೂಪದ್ದು ಒಳ್ಳೆಯದು. ಸಮುದ್ರ ತೀರದಲ್ಲಿ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಒಣ ಮರಳು ಶೇ 15ರಷ್ಟು, ಅಲೆಯ ನೊರೆ ಶೇ 25ರಷ್ಟು ಯುವಿ ಕಿರಣವನ್ನು ವಾಪಸ್ ಮುಖಕ್ಕೆ ಎಸೆಯುತ್ತವೆ. ಮೀನು ಪೇಟೆಯಲ್ಲೋ ಸಾಣಿಕಟ್ಟಾದ ಉಪ್ಪಿನಾಗರದಲ್ಲೋ ಇಡೀ ದಿನ ದುಡಿಯುವವರಿಗೆ ಎರಡು ಗಂಟೆಗೊಮ್ಮೆ ಕ್ರೀಮು ಹಚ್ಚಿ ಎನ್ನುವುದು ಆಗುವ ಮಾತಲ್ಲ. ಅವರಿಗೆ ಅಗಲ ಅಂಚಿನ ಟೋಪಿ, ಕೊಡೆ, ಮುಖಕ್ಕೆ ಸುತ್ತಿದ ಹತ್ತಿ ಬಟ್ಟೆಯೇ ಹೆಚ್ಚು ನಂಬಿಕೆಯ ಔಷಧಿ.

3. ಹಚ್ಚಬಾರದ್ದನ್ನು ಬಿಡಿ

ಮೆಡಿಕಲ್ ಶಾಪಿನಲ್ಲಿ ‘ಬೆಳ್ಳಗಾಗೋ ಕ್ರೀಮ್’ ಅಂತ ಕೇಳಿ ತಂದದ್ದರಲ್ಲಿ ಸ್ಟಿರಾಯ್ಡ್ ಇರಬಹುದು. ಮೊದಲ ಎರಡು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಕೂದಲು, ಮೊಡವೆ ಬಂದು ಬಿಸಿಲಿಗೆ ಉರಿಯಲು ಶುರುವಾಗುತ್ತದೆ. ಇಂಥ ಕ್ರೀಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಹಲವು ತಿಂಗಳಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮರೋಗ ತಜ್ಞರನ್ನು ಕೇಳಿ ಬಿಡಿ.

ಹೆಸರು, ವಿಳಾಸ ಇಲ್ಲದ ಕ್ರೀಮುಗಳದ್ದು ಇನ್ನೊಂದು ಕಥೆ. ಅವುಗಳಲ್ಲಿ ಪಾದರಸ ಇರಬಹುದು. ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದಿದ್ದು 2023ರಲ್ಲಿ ಸುದ್ದಿಯಾಗಿತ್ತು.

ಲಿಂಬೆ ಹಣ್ಣು ತಿಕ್ಕಿಕೊಂಡು ಹಿತ್ತಲಿಗೆ ಹೋಗುವುದೂ ಬೇಡ. ಲಿಂಬೆ ರಸದ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ.

4. ರಾತ್ರಿಯ ಕ್ರೀಮು

ಬಿಸಿಲಿನಿಂದಾದ ಮುಪ್ಪಿಗೆ ಅತಿ ಹೆಚ್ಚು ಪುರಾವೆ ಇರುವ ಔಷಧಿ ಟ್ರೆಟಿನಾಯಿನ್. ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ 1986ರಲ್ಲೇ ಇದರ ಬಗ್ಗೆ ಬರೆದರು. ವೈದ್ಯರು ಸಾಮಾನ್ಯವಾಗಿ 0.025 ಶೇಕಡಾದಿಂದ ಶುರು ಮಾಡಿಸುತ್ತಾರೆ. ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ, ಮೊದಮೊದಲು ವಾರಕ್ಕೆ ಎರಡು ರಾತ್ರಿ. ಸ್ವಲ್ಪ ಸಿಪ್ಪೆ ಏಳುತ್ತದೆ, ಹೆದರಬೇಡಿ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಮುಟ್ಟುವಂತಿಲ್ಲ.

5. ವೈದ್ಯರನ್ನು ನೋಡಿ, ಬೋರ್ಡನ್ನಲ್ಲ

‘ಕಾಸ್ಮೆಟಾಲಜಿಸ್ಟ್’ ಎಂಬ ಹೆಸರಿಗೆ ಮರುಳಾಗಬೇಡಿ, ಕೆಲವೇ ವಾರದ ಕೋರ್ಸು ಮುಗಿಸಿದವರೂ ಹಾಗೆ ಬರೆದುಕೊಳ್ಳುತ್ತಾರೆ. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಕ್ಲಿನಿಕ್ಕಿನ ಗೋಡೆ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯೇ, ಕೇಳಿ ನೋಡಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ. ಮೊದಲ ಸಲಹೆಗೆ ಖಾಸಗಿ ಕ್ಲಿನಿಕ್ಕೇ ಬೇಕೆಂದಿಲ್ಲ. ಕಾರವಾರದ ಕ್ರಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೂ ಹೋಗಬಹುದು.

6. ಯಾವುದು ಏನು ಮಾಡುತ್ತದೆ?

ಬೊಟಾಕ್ಸ್ ಸ್ನಾಯುವನ್ನು ಸಡಿಲ ಮಾಡುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ರೆಪ್ಪೆ ಅದುರುವ ರೋಗಕ್ಕೆ ಕೊಡುತ್ತಿದ್ದ ಔಷಧಿ ಇದು, ಹುಬ್ಬಿನ ಗೆರೆಯೂ ಮಾಯವಾಗಿದ್ದನ್ನು 1987ರಲ್ಲಿ ಗಮನಿಸಿದರು. ಮೂರು ನಾಲ್ಕು ತಿಂಗಳು ನಿಲ್ಲುತ್ತದೆ, ಮತ್ತೆ ಹಾಕಿಸಬೇಕು.

ಫಿಲ್ಲರ್ ಬತ್ತಿದ ಕೆನ್ನೆಯನ್ನು ತುಂಬುತ್ತದೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇದಕ್ಕೇ. ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಹಯಲುರಾನಿಕ್ ಆಸಿಡ್ಡಿನ ಫಿಲ್ಲರನ್ನು ಕರಗಿಸಲು ಹಯಲುರೊನಿಡೇಸ್ ಎಂಬ ಔಷಧಿ ಇದೆ. ಅದು ಕ್ಲಿನಿಕ್ಕಿನಲ್ಲೇ ಇದೆಯೇ ಎಂದು ಮೊದಲೇ ಕೇಳಿ. ಚರ್ಮ ಬಿಳಚಿಕೊಂಡು ನೋವು ಶುರುವಾದ ಮೇಲೆ ಘಟ್ಟ ಹತ್ತಿ ಹುಬ್ಬಳ್ಳಿಗೋ, ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಓಡುವಷ್ಟು ಸಮಯ ಇರುವುದಿಲ್ಲ.

ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತ ಬಳಸುತ್ತಾರೆ. ಮುಖಕ್ಕೆ ಮರಗಟ್ಟುವ ಕ್ರೀಮು ಹಚ್ಚಿ, ತೋಳಿನಿಂದ ಹತ್ತಿಪ್ಪತ್ತು ಮಿಲಿಲೀಟರ್ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸುತ್ತಾರೆ. ಹೊರಗೆ ಬಂದಾಗ ಟ್ಯೂಬಿನ ತಳದಲ್ಲಿ ಕೆಂಪು, ಮೇಲೆ ತಿಳಿ ಹಳದಿ ದ್ರವ. ಪ್ಲೇಟ್‌ಲೆಟ್ ಇರುವ ಆ ಹಳದಿಯನ್ನು ಸಣ್ಣ ಸೂಜಿಗಳಿಂದ ಚರ್ಮಕ್ಕೆ ಸೇರಿಸುತ್ತಾರೆ. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಸಲ. ಕೂದಲು ಉದುರುವುದಕ್ಕೆ ಇದರ ಪುರಾವೆ ಪರವಾಗಿಲ್ಲ, ಮುಖದ ಸುಕ್ಕಿಗೆ ಅಷ್ಟಿಲ್ಲ. ನೀವು ನೋಡಬೇಕಾದದ್ದು ಎರಡು: ಟ್ಯೂಬಿನ ಮೇಲೆ ನಿಮ್ಮ ಹೆಸರು, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆದು ತೆಗೆದ ಹೊಸ ಸೂಜಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಹೀಗೆ ಮಾಡಿಸಿಕೊಂಡವರಿಗೆ ಎಚ್‌ಐವಿ ಅಂಟಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿದೆ.

ಹೊಸದಾಗಿ ಬಂದಿರುವುದು ಪಾಲಿನ್ಯೂಕ್ಲಿಯೊಟೈಡ್, ಸಾಲ್ಮನ್ ಜಾತಿಯ ಮೀನಿನ ವೀರ್ಯದಿಂದ ತೆಗೆದ ಡಿಎನ್‌ಎ ತುಣುಕು. ಹಾಗಾದರೆ ದಿನಾ ಬಂಗಡೆ ತಿಂದರೆ ಸಾಲದೇ ಅಂತ ನಮ್ಮ ಕಡೆಯವರು ಕೇಳಬಹುದು. ಸಾಲದು, ಹೊಟ್ಟೆಗೆ ಹೋದದ್ದು ಜೀರ್ಣವಾಗಿಬಿಡುತ್ತದೆ. ಈ ಚುಚ್ಚುಮದ್ದು ಕೊರಿಯಾದಲ್ಲಿ ಬಹಳ ಬಳಕೆಯಲ್ಲಿದೆ, ದೊಡ್ಡ ಅಧ್ಯಯನಗಳು ಇನ್ನೂ ಕಡಿಮೆ. ಅವಸರ ಬೇಡ.

‘ಸ್ಟೆಮ್ ಸೆಲ್ ಫೇಶಿಯಲ್’ ಎಂದರೆ ಸೀದಾ ಬೇಡ ಅನ್ನಿ. ಭಾರತದ 2017ರ ಮಾರ್ಗಸೂಚಿಯಂತೆ ಸ್ಟೆಮ್ ಸೆಲ್‌ಗಳನ್ನು (ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ರಕ್ತದ ಕಾಯಿಲೆಗಳಿಗೆ ಬಿಟ್ಟರೆ ಉಳಿದಂತೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ಬಳಸಬಹುದು. ಎಕ್ಸೋಸೋಮ್ ಎಂದರೆ ಜೀವಕೋಶಗಳು ಹೊರಬಿಡುವ ಅತಿಸಣ್ಣ ಚೀಲದಂಥ ಕಣ. ಅದರ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಒಪ್ಪಿಗೆ ಕೊಟ್ಟಿಲ್ಲ. ಪ್ರಯೋಗಾಲಯದಲ್ಲಿ ನಿಜಕ್ಕೂ ದೊಡ್ಡ ಕೆಲಸ ನಡೆಯುತ್ತಿದೆ. ಜಪಾನಿನ ಶಿನ್ಯಾ ಯಮನಾಕಾ ವಯಸ್ಕ ಜೀವಕೋಶವನ್ನು ಹಿಂದಕ್ಕೆ ತಿರುಗಿಸುವ ದಾರಿ ತೋರಿಸಿ 2012ರಲ್ಲಿ ನೊಬೆಲ್ ಪಡೆದರು. ಅದೇ ದಾರಿಯಲ್ಲಿ 2022ರಲ್ಲಿ ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆ ಚರ್ಮದ ಕೋಶಗಳನ್ನು ಸುಮಾರು 30 ವರ್ಷದಷ್ಟು ಎಳೆಯದಾಗಿಸಿತು. ಆದರೆ ಅದು ಗಾಜಿನ ತಟ್ಟೆಯಲ್ಲಿ, ಯಾರ ಮುಖದ ಮೇಲೂ ಅಲ್ಲ.

7. ಕಾಲ ನೋಡಿ ಹೋಗಿ

ಜಾಹೀರಾತು ಹೇಳದ ವಿಷಯ ಇದು. ಲೇಸರ್ ಅಥವಾ ಆಳವಾದ ಪೀಲ್ (ಔಷಧಿ ಹಚ್ಚಿ ಚರ್ಮದ ಪದರ ಕಳಚುವುದು) ಮಾಡಿಸಿದ ಮೇಲೆ ಕೆಲವು ವಾರ ಬಿಸಿಲು ತಾಗಿಸಬಾರದು. ನಮ್ಮ ಬಣ್ಣದ ಚರ್ಮ ಕೆರಳಿದರೆ ಇದ್ದ ಕಲೆಗಿಂತ ಕಪ್ಪಾದ ಕಲೆ ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಕರಾವಳಿಯಲ್ಲಿ ಇದನ್ನು ಮಾಡಿಸುವುದು ದುಡ್ಡು ಕೊಟ್ಟು ಭಂಗು ಕೊಂಡಂತೆ.

ಮಳೆಗಾಲವೇ ವಾಸಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ದೋಣಿ ಲಂಗರು ಹಾಕಿ ಮನೆಯಲ್ಲಿರುವ ಆ ದಿನಗಳಲ್ಲಿ ಮುಖಕ್ಕೂ ರಜೆ ಸಿಗುತ್ತದೆ. ಶಿರಸಿ, ಸಿದ್ದಾಪುರದ ತೋಟದವರು ಮಾತ್ರ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ವಾರ ತಪ್ಪಿಸಿ. ಸುಣ್ಣ, ಮೈಲುತುತ್ತದ ಹನಿ ಹಸಿ ಚರ್ಮದ ಮೇಲೆ ಬಿದ್ದರೆ ಉರಿ ತಡೆಯಲಾಗದು. ಡಿಸೆಂಬರ್ ಜನವರಿಯಲ್ಲಿ ಅಂಗಳದಲ್ಲಿ ಅಡಿಕೆ ಹರವಿ ದಿನವಿಡೀ ಬಿಸಿಲಲ್ಲಿ ನಿಲ್ಲುವವರಿಗೆ ಆಗಲೂ ಬೇಡ.

ಮದುವೆಗೆ ಅಂತ ಮಾಡಿಸುವವರು ಆರು ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಕೊನೆಯ ತಿಂಗಳಲ್ಲಿ ಯಾವುದನ್ನೂ ಮೊದಲ ಸಲ ಮಾಡಿಸಬೇಡಿ.

8. ಚೀಟಿ ಮತ್ತು ಫೋಟೊ

ಮಾಡಿಸುವ ಮೊದಲು ಹೇಳಬೇಕಾದ್ದು: ರಕ್ತ ತೆಳುವಾಗಿಸುವ ಮಾತ್ರೆ, ತುಟಿಯ ಮೇಲೆ ಆಗಾಗ ಏಳುವ ನೀರುಗುಳ್ಳೆ, ಗಾಯ ದಪ್ಪಗೆ ಉಬ್ಬುವ ಗುಣ, ಗರ್ಭಿಣಿಯೋ ಬಾಣಂತಿಯೋ ಎಂಬುದು. ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಅಂಟಿಸಿದ ಚೀಟಿ ಪಡೆಯಿರಿ. ಒಂದೇ ಕಿಟಕಿ, ಒಂದೇ ಹೊತ್ತಿನ ಬೆಳಕಿನಲ್ಲಿ ಮೊದಲೊಂದು, ಮೂರು ತಿಂಗಳ ಮೇಲೊಂದು ಫೋಟೊ ತೆಗೆಯಿರಿ. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ಸಿಟ್ಟಿಂಗ್‌ಗೆ ದುಡ್ಡು ಕಟ್ಟುವ ಮೊದಲು ಆ ಫೋಟೊಗಳನ್ನು ವೈದ್ಯರ ಮೇಜಿನ ಮೇಲಿಟ್ಟು, ಇದು ಬೇಕೇ ಅಂತ ಕೇಳಿ.